ಪುನರ್ವಸತಿ ಕಾರ್ಯಕರ್ತರಿಗೆ ಮುಂದಿನ ಮೆಟ್ಟಿಲು ಬೇಕು

ಮಾನ್ಯರೇ,

ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನಕ್ಕೆ ದುಡಿಯುತ್ತಿದ್ದಾರೆ. ಹೆಚ್ಚಿನವರು ಸ್ವತಃ ಅಂಗವಿಕಲರು. ಅಂಗವಿಕಲರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡಿಗೆ ಅರ್ಜಿ ಹಾಕಿಸುವುದು, ಮಾಸಾಶನ ನಿಂತರೆ ನಾಡಕಚೇರಿಗೆ ಅಲೆಯುವುದು ಇವರ ನಿತ್ಯದ ಕೆಲಸ. ಯಾವ ಮನೆಯಲ್ಲಿ ಯಾರಿಗೆ ಏನು ಬೇಕೆಂಬುದು ಇವರಿಗೆ ಬಾಯಿಪಾಠ. ಆದರೂ ಪಂಚಾಯಿತಿ ಅಂಗವಿಕಲರಿಗಾಗಿ ತೆಗೆದಿರಿಸಬೇಕಾದ ಶೇ 5ರಷ್ಟು ಹಣದ ಚರ್ಚೆ ಬಂದಾಗ ಇವರ ಮಾತಿಗೆ ತೂಕವಿರುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ವಿಧಗಳನ್ನು 7ರಿಂದ 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್, ಥಲಸ್ಸೇಮಿಯಾ ಎಲ್ಲವೂ ಅದರಲ್ಲಿವೆ. ಸ್ವಾಗತ, ಸನ್ಮಾನ, ಊಟ ಕಳೆದು ಉಳಿಯುವ ಒಂದು ದಿನದ ಕಾರ್ಯಾಗಾರದಲ್ಲಿ ಇದನ್ನೆಲ್ಲ ಕಾರ್ಯಕರ್ತರಿಗೆ ಕಲಿಸಲಾದೀತೇ?

ಭಾರತೀಯ ಪುನರ್ವಸತಿ ಪರಿಷತ್ತಿನ, ಅಂಗವಿಕಲರನ್ನು ಒಳಗೊಂಡ ಸಮುದಾಯ ಆಧಾರಿತ ಅಭಿವೃದ್ಧಿ ಕುರಿತ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್ ಇದೆ. 2021ರಲ್ಲಿ ಅದಕ್ಕೆ ಚಾಲನೆ ಕೊಟ್ಟವರು, ಆಗ ಕೇಂದ್ರ ಸಚಿವರಾಗಿದ್ದು ಬಳಿಕ ನಮ್ಮ ರಾಜ್ಯಪಾಲರಾದ ಥಾವರ್‌ಚಂದ್ ಗೆಹಲೋತ್ ಅವರೇ. ಗೌರವಧನ ಕಡಿತವಾಗದಂತೆ ಕಾರ್ಯಕರ್ತರನ್ನು ಸರ್ಕಾರವೇ ಈ ಕೋರ್ಸಿಗೆ ಕಳಿಸಲಿ. ಜೊತೆಗೆ ಲೆಕ್ಕಪತ್ರ, ಸಭೆ ನಡೆಸುವ ರೀತಿ, ಕಿರಿಯರ ಮೇಲ್ವಿಚಾರಣೆ, ಅಧಿಕಾರಿಯೆದುರು ಹಕ್ಕು ಮಂಡಿಸುವ ಬಗೆಯನ್ನೂ ಕನ್ನಡದಲ್ಲೇ ಕಲಿಸಲಿ. ಕಲಿತವರಿಗೆ ಅಂಗವಿಕಲರ ಸಬಲೀಕರಣ ಇಲಾಖೆಯ ಜಿಲ್ಲಾಮಟ್ಟದ ಹುದ್ದೆಗಳಲ್ಲಿ ಇಂತಿಷ್ಟು ಪಾಲು ಎಂದು ನೇಮಕಾತಿ ನಿಯಮದಲ್ಲೇ ಬರೆಯಬೇಕು. ಇಲ್ಲದಿದ್ದರೆ ಪ್ರಮಾಣಪತ್ರ ಗೋಡೆಗೆ ತೂಗುಹಾಕಲಷ್ಟೇ.

– ಅಂಗವಿಕಲ ಮಗುವಿನ ಪೋಷಕ, ಅರಸೀಕೆರೆ