ಸರಾಸರಿ, ಮಧ್ಯಾಂಕ, ಬಹುಲಕ: ಗಣಿತ ಶಿಕ್ಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ವರ್ಗೀಕರಿಸದ ದತ್ತಾಂಶದ (ಗುಂಪುಗಳಾಗಿ ವಿಂಗಡಿಸದ ಸಂಖ್ಯೆಗಳ) ಪಾಠ ಶುರು ಮಾಡುವವರು ದಯವಿಟ್ಟು ಸೂತ್ರದಿಂದ ಆರಂಭಿಸಬೇಡಿ. ಬೋರ್ಡಿನ ಮೇಲೆ 7, 3, 12, 3, 5 ಎಂದು ಬರೆದು, ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಎಷ್ಟೆಂದು ಕೇಳಿ. ಹಲವರು 12 ಎನ್ನುತ್ತಾರೆ, ಏಕೆಂದರೆ ಕಣ್ಣಿಗೆ ನಡುವೆ ಕಾಣುವುದು ಅದೇ. ತಕ್ಷಣ ತಿದ್ದದೆ, ಏರಿಕೆ ಕ್ರಮದಲ್ಲಿ ಅವರಿಂದಲೇ ಬರೆಸಿ: 3, 3, 5, 7, 12. ಈಗ ಮಧ್ಯಾಂಕ 5, ಸರಾಸರಿ 6, ಬಹುಲಕ (ಅತಿ ಹೆಚ್ಚು ಬಾರಿ ಬಂದ ಸಂಖ್ಯೆ) 3.

ನಂತರ 12ನ್ನು ಅಳಿಸಿ 62 ಬರೆಯಿರಿ. ಸರಾಸರಿ 16ಕ್ಕೆ ಜಿಗಿಯುತ್ತದೆ, ಉಳಿದೆರಡು ಕದಲುವುದಿಲ್ಲ. ಐದರಲ್ಲಿ ನಾಲ್ಕು ಸಂಖ್ಯೆಗಳು 16ಕ್ಕಿಂತ ಕಡಿಮೆ ಇರುವಾಗ ಈ ಗುಂಪನ್ನು 16 ಪ್ರತಿನಿಧಿಸುತ್ತದೆಯೇ? ಈ ಚರ್ಚೆಗೆ ಅರ್ಧ ಪೀರಿಯಡ್ ಹೋದರೂ ಹೋಗಲಿ. ನನ್ನ ಪ್ರಕಾರ ಇಡೀ ಪಾಠದ ಜೀವ ಇಲ್ಲೇ ಇದೆ.

ಪ್ರಾಪ್ತಾಂಕಗಳ (ದತ್ತಾಂಶದ ಒಂದೊಂದು ಸಂಖ್ಯೆಯ) ಎಣಿಕೆ ಸಮಸಂಖ್ಯೆಯಾದರೆ ನಡುವಿನ ಎರಡರ ಸರಾಸರಿಯೇ ಮಧ್ಯಾಂಕ. ಆಗ ಉತ್ತರ ದತ್ತಾಂಶದಲ್ಲೇ ಇಲ್ಲದ ಸಂಖ್ಯೆಯಾಗಬಹುದು, ಮಕ್ಕಳು ಗಾಬರಿಯಾಗುತ್ತಾರೆ, ಮೊದಲೇ ಹೇಳಿಬಿಡಿ. ಬಹುಲಕ ಎರಡಿರಬಹುದು, ಇಲ್ಲದೆಯೂ ಇರಬಹುದು. ಇಲ್ಲದಿದ್ದಾಗ ಕೆಲವರು 0 ಎಂದು ಬರೆಯುತ್ತಾರೆ. ಅದು ತಪ್ಪು, ‘ಬಹುಲಕ ಇಲ್ಲ’ ಎಂದೇ ಬರೆಸಿ.

ನಿಮ್ಮ ತರಗತಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಹಾಕಿ.