ಗೆಳೆಯನಿಗೊಂದು ಪತ್ರ: ಜಮಾ-ಖರ್ಚಿಗೆ ಸಿಗದ ಊರು

ಪ್ರೀತಿಯ ಗೆಳೆಯಾ,

ಕಳೆದ ಭಾನುವಾರ ನಾನು ಕಳಿಸಿದ ಗೋಡೆಯ ಫೋಟೋಗೆ ನೀನು ಬರೆದದ್ದು ಒಂದೇ ಸಾಲು: ‘ಒಬ್ಬನನ್ನು ಕೊಲ್ಲಲು ಹೋಗಿ ಸಾವಿರಾರು ಜನರನ್ನು ಕೊಲ್ಲಿಸಿದರಲ್ಲ, ಬೇಕಿತ್ತೇ ಇದು?’ ಮೊಬೈಲ್‌ನಲ್ಲೇ ಉತ್ತರ ಬರೆಯಲು ಹೋದೆ. ಮೂರು ಸಲ ಬರೆದು ಮೂರು ಸಲವೂ ಅಳಿಸಿದೆ. ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ಕೂತವನು ನೀನು, ಯಾವುದನ್ನೇ ಆಗಲಿ ಜಮಾ-ಖರ್ಚು ಬರೆದು ಸಂಜೆಯೊಳಗೆ ತಾಳೆ ಹಾಕದಿದ್ದರೆ ನಿನಗೆ ಊಟ ಸೇರುವುದಿಲ್ಲ. ಅದಕ್ಕೇ ಈ ಉದ್ದದ ಪತ್ರ. ತಾಳೆಯಾಗುತ್ತದೆ ಎಂಬ ಭರವಸೆ ಮಾತ್ರ ಇಟ್ಟುಕೊಳ್ಳಬೇಡ.

ಆ ಗೋಡೆ ಇರುವುದು ಪ್ರಾಗ್‌ನ ರೆಸ್ಲೊವಾ ಬೀದಿಯಲ್ಲಿ. ಸಂತ ಸಿರಿಲ್ ಮತ್ತು ಮೆಥೋಡಿಯಸ್ ಹೆಸರಿನ ಚರ್ಚಿನ ತಳಭಾಗ ಅದು. ಗೋಡೆಯಲ್ಲಿ ಒಂದು ಸಣ್ಣ ಗವಾಕ್ಷಿ, ಅದರ ಸುತ್ತ ಸಿಡುಬಿನ ಕಲೆಗಳ ಹಾಗೆ ಗುಂಡಿನ ಗುರುತುಗಳು. ಕೆಳಗೆ ಯಾವಾಗಲೂ ಒಂದಿಷ್ಟು ಹೂವು, ಒಂದೆರಡು ಮೇಣದ ದೀಪ. ನಾನು ಕಚೇರಿಗೆ ಹೋಗುವ ದಾರಿಯೇ ಅದು. ಬಂದ ಹೊಸತರಲ್ಲಿ ಹಳೆಯ ಕಟ್ಟಡ, ರಿಪೇರಿ ಮಾಡಿಸಿಲ್ಲ ಎಂದುಕೊಂಡು ಹಲವು ತಿಂಗಳು ದಾಟಿ ಹೋಗಿದ್ದೇನೆ ಎಂದರೆ ನೀನು ನಗಬೇಡ.

1942ರಲ್ಲಿ ಹೈಡ್ರಿಖ್ ಎಂಬ ನಾಜಿ ಅಧಿಕಾರಿಯನ್ನು ಇದೇ ಪ್ರಾಗ್‌ನಲ್ಲಿ ಕೊಂದ ಕಥೆಯ ಎಲುಬು ನಿನಗೆ ಗೊತ್ತಿದೆ. ಆದರೂ ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ನಿನ್ನ ಪ್ರಶ್ನೆ ಸಿಕ್ಕಿಕೊಂಡಿರುವುದು ವಿವರಗಳಲ್ಲಿ.

1941ರ ಸೆಪ್ಟೆಂಬರ್ ಕೊನೆಯಲ್ಲಿ ಹಿಟ್ಲರ್ ಚೆಕ್ ನಾಡನ್ನು ಆಳಲು ರೈನ್‌ಹಾರ್ಡ್ ಹೈಡ್ರಿಖ್‌ನನ್ನು ಕಳಿಸಿದ. ಬಂದವನೇ ತುರ್ತು ಕಾನೂನು ಹೇರಿದ, ಕೆಲವೇ ವಾರಗಳಲ್ಲಿ ನೂರಾರು ಜನರನ್ನು ಕೊಲ್ಲಿಸಿದ. ಇನ್ನೊಂದು ಕೈಯಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಗಳ ಕೆಲಸಗಾರರಿಗೆ ಪಡಿತರ ಹೆಚ್ಚಿಸಿದ. ಬರೀ ಕಟುಕನಾಗಿದ್ದರೆ ಇಷ್ಟು ಅಪಾಯಕಾರಿಯಾಗುತ್ತಿರಲಿಲ್ಲ, ಅವನು ಲೆಕ್ಕ ಬಲ್ಲ ಕಟುಕ. 1942ರ ಜನವರಿ 20ರಂದು ಬರ್ಲಿನ್‌ನ ವಾನ್‌ಸೇಯಲ್ಲಿ ಯುರೋಪಿನ ಯಹೂದಿಗಳನ್ನೆಲ್ಲ ಅಳಿಸಿಹಾಕುವ ಯೋಜನೆಗೆ ಅಧಿಕಾರಿಗಳನ್ನು ಕೂರಿಸಿಕೊಂಡು ಅಧ್ಯಕ್ಷತೆ ವಹಿಸಿದವನೂ ಇವನೇ.

ಲಂಡನ್ನಿನಲ್ಲಿದ್ದ ಚೆಕೊಸ್ಲೊವಾಕ್ ನಾಯಕ ಬೆನೆಷ್ ಅವರ ದೇಶಭ್ರಷ್ಟ ಸರ್ಕಾರಕ್ಕೆ ಏನಾದರೂ ಮಾಡಿ ತೋರಿಸಲೇಬೇಕಾದ ಒತ್ತಡವಿತ್ತು. ಬ್ರಿಟನ್ 1938ರಲ್ಲಿ ಮ್ಯೂನಿಕ್‌ನಲ್ಲಿ ಇವರ ನಾಡಿನ ಅಂಚನ್ನು ಹಿಟ್ಲರ್‌ಗೆ ಕತ್ತರಿಸಿ ಕೊಟ್ಟಿತ್ತು, ಆ ಸಹಿ ಇನ್ನೂ ರದ್ದಾಗಿರಲಿಲ್ಲ. 1941ರ ಡಿಸೆಂಬರ್ ಕೊನೆಯ ಒಂದು ರಾತ್ರಿ ಹ್ಯಾಲಿಫ್ಯಾಕ್ಸ್ ವಿಮಾನದಿಂದ ಆ ಸರ್ಕಾರ ಕಳಿಸಿದ ಇಬ್ಬರು ಸೈನಿಕರು ಹಿಮದ ಮೇಲೆ ಇಳಿದರು. ಯೋಜೆಫ್ ಗಬ್ಚೀಕ್ ಸ್ಲೊವಾಕ್, ಯಾನ್ ಕುಬಿಷ್ ಮೊರಾವಿಯಾದವನು. ಇಳಿಯಬೇಕಾದ ಜಾಗವೇ ತಪ್ಪಿತ್ತು. ಪಿಲ್ಸೆನ್ ಕಡೆ ಇಳಿಯಬೇಕಾದವರು ಪ್ರಾಗ್‌ನ ಪೂರ್ವಕ್ಕೆ ನೆಹ್ವಿಜ್ದಿ ಎಂಬ ಹಳ್ಳಿಯ ಬಳಿ ಬಿದ್ದರು. ಅಲ್ಲಿಂದ ಐದು ತಿಂಗಳು ಅವರನ್ನು ಬದುಕಿಸಿದ್ದು ಅವರ ತರಬೇತಿಯಲ್ಲ, ಮನೆಗಳು. ಅಡುಗೆಮನೆಯಲ್ಲಿ ಮಲಗಿಸಿದವರು, ಪಡಿತರದ ಚೀಟಿ ಹೊಂದಿಸಿದವರು, ಬಟ್ಟೆ ಒಗೆದು ಕೊಟ್ಟವರು.

ಈಗ ನನ್ನನ್ನು ಹಲವು ದಿನ ನಿದ್ದೆಗೆಡಿಸಿದ ವಿವರಕ್ಕೆ ಬರುತ್ತೇನೆ. ಇವರು ಬಂದಿರುವುದು ಯಾರನ್ನು ಕೊಲ್ಲಲು ಎಂದು ಒಳನಾಡಿನ ಪ್ರತಿರೋಧದ ಮುಖಂಡರಿಗೆ ತಿಳಿದಾಗ ಅವರು ಬೆಚ್ಚಿಬಿದ್ದರು. 1942ರ ಮೇ ತಿಂಗಳಲ್ಲಿ ‘ಲಿಬುಷೆ’ ಎಂಬ ಹೆಸರಿನ ಗುಪ್ತ ರೇಡಿಯೋದಿಂದ ಲಂಡನ್ನಿಗೆ ಸಂದೇಶ ಹೋಯಿತು. ಅದರ ಸಾರಾಂಶ ಇಷ್ಟು: ಈ ಕೊಲೆಯಿಂದ ಮಿತ್ರರಾಷ್ಟ್ರಗಳಿಗೆ ಲಾಭವಿಲ್ಲ, ಸಾವಿರಾರು ಜೀವಗಳು ಹೋಗುತ್ತವೆ, ಅಳಿದುಳಿದ ನಮ್ಮ ಸಂಘಟನೆ ನೆಲಕಚ್ಚುತ್ತದೆ, ಯಾರನ್ನಾದರೂ ಹೊಡೆಯಲೇಬೇಕಿದ್ದರೆ ಜರ್ಮನರ ಜೊತೆ ಸೇರಿದ ನಮ್ಮವನೇ ಒಬ್ಬನನ್ನು ಆರಿಸಿ. ಕಾರ್ಯಾಚರಣೆ ನಿಲ್ಲಿಸಿ ಎಂಬ ಆದೇಶ ಲಂಡನ್ನಿನಿಂದ ಬರಲಿಲ್ಲ.

ಗಮನಿಸು. ಬೆಲೆ ತೆರಬೇಕಾದವರು ಬೆಲೆ ಎಷ್ಟು ಎಂದು ಮೊದಲೇ ಹೇಳಿದ್ದರು. ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿದ್ದರು.

ಮೇ 27ರ ಬೆಳಗ್ಗೆ ಸುಮಾರು ಹತ್ತೂವರೆಗೆ, ಲಿಬೆನ್ ಬಡಾವಣೆಯ ತಿರುವಿನಲ್ಲಿ ಹೈಡ್ರಿಖ್‌ನ ತೆರೆದ ಮರ್ಸಿಡಿಸ್ ನಿಧಾನವಾಯಿತು. ಬೆಂಗಾವಲು ಇರಲಿಲ್ಲ. ಅಷ್ಟು ಸೊಕ್ಕು. ಗಬ್ಚೀಕ್ ಸ್ಟೆನ್ ಬಂದೂಕು ಎತ್ತಿದ, ಅದು ಸಿಡಿಯಲಿಲ್ಲ. ಓಡಿಸಿಕೊಂಡು ಹೋಗಿದ್ದರೆ ಹೈಡ್ರಿಖ್ ಬದುಕುತ್ತಿದ್ದನೇನೋ. ಅವನು ಕಾರು ನಿಲ್ಲಿಸಲು ಹೇಳಿ ಪಿಸ್ತೂಲು ಹಿಡಿದು ಎದ್ದುನಿಂತ. ಕುಬಿಷ್ ಎಸೆದ ಬಾಂಬು ಕಾರಿನ ಒಳಗೆ ಬೀಳದೆ ಹಿಂದಿನ ಚಕ್ರದ ಬಳಿ ಸಿಡಿಯಿತು. ಸೀಟಿನೊಳಗೆ ತುಂಬಿದ್ದ ಕುದುರೆ ಕೂದಲು, ಲೋಹದ ಚೂರು ಅವನ ದೇಹ ಹೊಕ್ಕವು. ಜೂನ್ 4ರಂದು ಗಾಯ ನಂಜಾಗಿ ಸತ್ತ. ಆ ತಿರುವಿಗೂ ಹೋಗಿ ನಿಂತು ಬಂದಿದ್ದೇನೆ. ಈಗ ಅಲ್ಲಿ ಸ್ಮಾರಕವಿದೆ, ಪಕ್ಕದಲ್ಲಿ ವಾಹನಗಳ ಗದ್ದಲ. ಹೆಚ್ಚು ಹೇಳುವಂಥದ್ದೇನೂ ಇಲ್ಲ.

ಹೇಳಬೇಕಾದದ್ದು ಲಿದಿತ್ಸೆಯ ಬಗ್ಗೆ. ಪ್ರಾಗ್‌ನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಬಸ್ಸಿನಲ್ಲಿ ಹೋಗಿ ಊಟದ ಹೊತ್ತಿಗೆ ವಾಪಸ್ ಬರಬಹುದು. ಕೊಲೆಗೂ ಈ ಊರಿಗೂ ಸಂಬಂಧವಿರಲಿಲ್ಲ. ಒಬ್ಬ ಕಾರ್ಖಾನೆ ಕೆಲಸಗಾರ ಒಂದು ಹುಡುಗಿಗೆ ಬರೆದ ಅನುಮಾನಾಸ್ಪದ ಕಾಗದ ಸಿಕ್ಕಿತ್ತು, ಊರಿನ ಹೊರಾಕ್ ಎಂಬ ಮನೆತನದ ಮಗ ಬ್ರಿಟನ್ನಿನ ಸೇನೆಯಲ್ಲಿದ್ದ. ಇಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾವು ನಗುತ್ತಾ ಹೇಳುವ ಗಾದೆಯನ್ನು ಇಲ್ಲಿ ಅಕ್ಷರಶಃ ನಡೆಸಿದರು. ಜೂನ್ 10ರಂದು 173 ಗಂಡಸರನ್ನು ಹೊರಾಕ್ ಅವರ ತೋಟದ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು. ಗುಂಡು ಗೋಡೆಗೆ ಬಡಿದು ವಾಪಸ್ ಸಿಡಿಯದಿರಲಿ ಎಂದು ಗೋಡೆಗೆ ಹಾಸಿಗೆಗಳನ್ನು ಒರಗಿಸಿದ್ದರು, ಅದೇ ಊರಿನ ಮನೆಗಳ ಹಾಸಿಗೆಗಳನ್ನು. ಹೆಂಗಸರು ರಾವೆನ್ಸ್‌ಬ್ರುಕ್ ಶಿಬಿರಕ್ಕೆ. ಮಕ್ಕಳಲ್ಲಿ 82 ಮಂದಿ ಹೆಲ್ಮ್‌ನೋ ಶಿಬಿರದ ವಿಷಾನಿಲಕ್ಕೆ. ಮನೆ ಸುಟ್ಟರು, ಚರ್ಚು ಸಿಡಿಸಿದರು, ಸ್ಮಶಾನ ಅಗೆದರು, ಹಳ್ಳದ ದಾರಿಯನ್ನೇ ತಿರುಗಿಸಿದರು. ಯುದ್ಧ ಮುಗಿದಾಗ ತಿರುಗಿ ಬಂದದ್ದು 143 ಹೆಂಗಸರು, 17 ಮಕ್ಕಳು.

ಇವತ್ತು ಹಳೆಯ ಊರಿದ್ದ ಕಡೆ ಬರೀ ಹುಲ್ಲು. ಮೇಲೆ ಒಂದು ಕಡೆ ಕಂಚಿನ 82 ಮಕ್ಕಳು ಗುಂಪಾಗಿ ನಿಂತಿದ್ದಾರೆ. ಮರಿಯೆ ಉಖಿತಿಲೊವಾ ಎಂಬ ಶಿಲ್ಪಿ ಬದುಕಿನ ಕೊನೆಯ ವರ್ಷಗಳನ್ನೆಲ್ಲ ಇದಕ್ಕೇ ಸವೆಸಿ 1989ರಲ್ಲಿ ತೀರಿಕೊಂಡಳು, ಉಳಿದ ಕೆಲಸವನ್ನು ಅವಳ ಗಂಡ ಮುಗಿಸಿದ. ಮಕ್ಕಳು ಯಾರನ್ನೋ ಕಾಯುವ ಹಾಗೆ ನಿಂತಿದ್ದಾರೆ, ಶಾಲೆಯ ಬಸ್ಸು ತಡವಾದಾಗ ನಿಲ್ಲುವ ಹಾಗೆ. ಅವರ ಕಾಲಬುಡದಲ್ಲಿ ಜನ ಆಟಿಕೆ ಇಟ್ಟುಹೋಗುತ್ತಾರೆ. ನಾನು ಹೋದ ದಿನ ಒಂದು ಸಣ್ಣ ಹುಡುಗಿಯ ಮುಂದೆ ಯಾರೋ ನೀಲಿ ಬಣ್ಣದ ಪ್ಲಾಸ್ಟಿಕ್ ಕಾರು ಇಟ್ಟಿದ್ದರು.

ಅಲ್ಲಿ ನಿಂತಾಗ ನನಗೆ ನಮ್ಮ ಭಾಷೆಯ ಮೇಲೇ ಸಿಟ್ಟು ಬಂತು. ‘ಬಲಿದಾನ’ ಎನ್ನುತ್ತೇವೆ. ಅದರೊಳಗೆ ದಾನ ಇದೆ. ದಾನ ಎಂದ ಮೇಲೆ ಕೊಡುವ ಕೈ ಬೇಕು, ಕೊಡುವವನ ಮನಸ್ಸು ಬೇಕು. ಗಬ್ಚೀಕ್, ಕುಬಿಷ್ ಕೊಟ್ಟರು, ಒಪ್ಪುತ್ತೇನೆ. ಚರ್ಚಿನಲ್ಲಿ ಅವರನ್ನು ಅಡಗಿಸಿಟ್ಟ ಹೊಣೆಯನ್ನು ತಾನಾಗಿ ತಲೆಯ ಮೇಲೆ ಹೊತ್ತು ಸೆಪ್ಟೆಂಬರ್ 4ರಂದು ಗುಂಡಿಗೆ ಎದೆಯೊಡ್ಡಿದ ಬಿಷಪ್ ಗೊರಾಜ್ದ್ ಕೊಟ್ಟರು. ಜಿಜ್ಕೊವ್ ಬಡಾವಣೆಯ ಮರಿಯೆ ಮೊರಾವ್ತ್ಸೊವಾ ಕೂಡ ಕೊಟ್ಟಳು. ಆ ಹುಡುಗರೆಲ್ಲ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಜೂನ್ 17ರಂದು ಗೆಸ್ಟಾಪೊ ಎಂಬ ನಾಜಿ ಗುಪ್ತ ಪೊಲೀಸರು ಬಾಗಿಲು ಬಡಿದಾಗ ಅವಳು ಬಚ್ಚಲುಮನೆಗೆ ಹೋಗಿ ಸೈನೈಡ್ ನುಂಗಿದಳು. ಲಿದಿತ್ಸೆಯವರು ಏನನ್ನು ಕೊಟ್ಟರು? ಅವರಿಂದ ಕಿತ್ತುಕೊಂಡರು. ಇಬ್ಬರನ್ನೂ ಒಂದೇ ಪದದ ಕೆಳಗೆ ತಂದು ‘ನಾಡಿಗಾಗಿ ಮಡಿದವರು’ ಎಂದು ಕಲ್ಲು ಕೆತ್ತಿಸಿದರೆ ಸತ್ತವರಿಗೆ ಇನ್ನೊಂದು ಸಲ ಕೇಳದೆ ಏನನ್ನೋ ಮಾಡಿದಂತಾಗುತ್ತದೆ. ನಿನ್ನ ಖಾತೆ ಪುಸ್ತಕದಲ್ಲಿ ಆಗಿರುವ ತಪ್ಪೂ ಇದೇ. ಎರಡು ಬೇರೆ ಬೇರೆ ಖಾತೆಗಳನ್ನು ನೀನು ಒಂದೇ ಪುಟದಲ್ಲಿ ಕೂಡಿಸಿದ್ದೀಯ.

ಇನ್ನೊಂದು ಮಾತು, ಇದು ನಿನಗೆ ಕಹಿಯಾಗಬಹುದು. ಆ ದಿನಗಳಲ್ಲಿ ಜಮಾ-ಖರ್ಚು ಹಾಕಿದ ಮನುಷ್ಯ ಒಬ್ಬನಿದ್ದ. ಅವನ ಹೆಸರು ಕಾರೆಲ್ ಚುರ್ದಾ, ಅವನೂ ಬ್ರಿಟನ್ನಿನಿಂದ ಬಂದಿಳಿದ ಸೈನಿಕನೇ. ಲಿದಿತ್ಸೆಯ ಸುದ್ದಿಯನ್ನು ಜರ್ಮನರು ಮುಚ್ಚಿಡಲಿಲ್ಲ, ತಾವೇ ಸಾರಿದರು. ಹಂತಕರು ಜೂನ್ 18ರೊಳಗೆ ಸಿಗದಿದ್ದರೆ ಇನ್ನಷ್ಟು ರಕ್ತ ಎಂಬ ಬೆದರಿಕೆ ತಲೆಯ ಮೇಲಿತ್ತು, ಒಂದು ಕೋಟಿ ಕ್ರೌನ್ ಬಹುಮಾನವೂ ಇತ್ತು. ಚುರ್ದಾ ತನ್ನ ತಾಯಿಯ ಮನೆಯಲ್ಲಿ ಅಡಗಿದ್ದ. ಜೂನ್ 16ರಂದು ಪ್ರಾಗ್‌ಗೆ ಬಂದು ಗೆಸ್ಟಾಪೊ ಕಚೇರಿಯ ಮೆಟ್ಟಿಲು ಹತ್ತಿದ. ದುಡ್ಡಿನ ಆಸೆ ಎಷ್ಟು, ಹೆದರಿಕೆ ಎಷ್ಟು, ಈ ಕೊಲೆ ನಿಲ್ಲಲಿ ಎಂಬ ಬಯಕೆ ಎಷ್ಟು ಎಂದು ಯಾರು ಬಿಡಿಸಿ ಹೇಳುತ್ತಾರೆ? ಕೇವಲ ಸಂಖ್ಯೆ ನೋಡಿದರೆ ಅವನು ಮಾಡಿದ್ದು ಸರಿಯೇ ಅನ್ನಬೇಕು. ಬೆರಳೆಣಿಕೆಯ ಸೈನಿಕರನ್ನು ಒಪ್ಪಿಸಿದರೆ ಸಾವಿರ ಹಳ್ಳಿಗರು ಉಳಿಯುತ್ತಾರೆ.

ಉಳಿದರೇ? ಅವನು ಕೊಟ್ಟ ವಿಳಾಸಗಳಿಂದ ಮೊರಾವ್ತ್ಸೊವಾ ಮನೆ, ಅವಳ ಮಗನಿಗೆ ಚಿತ್ರಹಿಂಸೆ ಕೊಟ್ಟದ್ದರಿಂದ ಚರ್ಚು. ಜೂನ್ 18ರ ನಸುಕಿನಲ್ಲಿ ನೂರಾರು ಎಸ್‌ಎಸ್ ಸೈನಿಕರು ರೆಸ್ಲೊವಾ ಬೀದಿ ಮುತ್ತಿದರು. ಒಳಗಿದ್ದವರು ಏಳು ಜನ. ಮೂವರು ಮೇಲೆ, ನಾಲ್ವರು ನೆಲಮಾಳಿಗೆಯಲ್ಲಿ. ನಾನು ಫೋಟೋ ಕಳಿಸಿದ ಗವಾಕ್ಷಿಯಿಂದ ಅಗ್ನಿಶಾಮಕದವರ ಕೈಯಲ್ಲಿ ನೀರು ನುಗ್ಗಿಸಿದರು. ಗಂಟೆಗಟ್ಟಲೆ ಕಾದಾಡಿದ ಮೇಲೆ ಕೆಳಗಿನ ನಾಲ್ವರು ಕೊನೆಯ ಗುಂಡನ್ನು ತಮಗೇ ಹಾರಿಸಿಕೊಂಡರು. ವಿಚಾರಿಸಲು ಯಾರೂ ಉಳಿಯಲಿಲ್ಲ. ಬೇಕಾದವರು ಸತ್ತರು, ಲೆಕ್ಕ ಚುಕ್ತಾ ಆಗಬೇಕಿತ್ತಲ್ಲ? ಆರು ದಿನಗಳ ನಂತರ ಲೆಝಾಕಿ ಎಂಬ ಇನ್ನೊಂದು ಪುಟ್ಟ ಊರನ್ನು ಸುಟ್ಟರು, 33 ದೊಡ್ಡವರನ್ನು ಕೊಂದರು, 13 ಮಕ್ಕಳಲ್ಲಿ ಉಳಿದದ್ದು ಇಬ್ಬರು ಅಕ್ಕತಂಗಿಯರು. ಅಕ್ಟೋಬರ್ 24ರಂದು ಮೌಟ್‌ಹೌಸೆನ್ ಶಿಬಿರದಲ್ಲಿ, ಸೈನಿಕರಿಗೆ ನೆರವಾದ ಮನೆಗಳ 250ಕ್ಕೂ ಹೆಚ್ಚು ಜನರನ್ನು, ಅವರ ನೆಂಟರನ್ನು ಒಂದೇ ದಿನ ಮುಗಿಸಿದರು. ಚುರ್ದಾನನ್ನು 1947ರಲ್ಲಿ ಗಲ್ಲಿಗೇರಿಸಲಾಯಿತು. ಕೊಲೆಗಡುಕನೇ ತಕ್ಕಡಿ ಹಿಡಿದಿರುವಾಗ ನೀನು ಎಷ್ಟು ತೂಕ ಹಾಕಿದರೂ ಅವನ ಕಡೆಯ ತಟ್ಟೆ ಏಳುವುದಿಲ್ಲ.

ಹಾಗಾದರೆ ಜಮೆ ಏನೂ ಇಲ್ಲವೇ ಎಂದು ನೀನು ಕೇಳುತ್ತೀಯ. ಇದೆ. 1942ರ ಆಗಸ್ಟ್ 5ರಂದು ಬ್ರಿಟನ್ ಮ್ಯೂನಿಕ್ ಒಪ್ಪಂದಕ್ಕೆ ತಾನಿನ್ನು ಬದ್ಧನಲ್ಲ ಎಂದಿತು. ಲಿದಿತ್ಸೆಯ ಹೆಸರು ಮೆಕ್ಸಿಕೋದವರೆಗೂ ಹೋಯಿತು, ಇಂಗ್ಲೆಂಡಿನ ಸ್ಟೋಕ್‌ನ ಗಣಿ ಕಾರ್ಮಿಕರು ಆ ಊರನ್ನು ಮತ್ತೆ ಕಟ್ಟಲು ಹಣ ಎತ್ತಿದರು. ಖರ್ಚಿನ ಕಡೆ ಇನ್ನೂ ಬರೆದುಕೋ: ಹೈಡ್ರಿಖ್ ಸತ್ತ ಮೇಲೂ ಯಹೂದಿಗಳನ್ನು ಸಾವಿಗೆ ಒಯ್ಯುವ ರೈಲುಗಳು ನಿಲ್ಲಲಿಲ್ಲ, ಒಳನಾಡಿನ ಪ್ರತಿರೋಧ ಮೇ ತಿಂಗಳ ಸಂದೇಶದಲ್ಲಿ ಹೇಳಿದಂತೆಯೇ ಮುರಿದುಬಿತ್ತು.

ನನ್ನ ತೀರ್ಪು ಬೇಕೆಂದರೆ ಕೊಡುತ್ತೇನೆ. ಆ ತಿರುವಿನಲ್ಲಿ ನಿಂತ ಇಬ್ಬರು ಮಾಡಿದ್ದು ಸರಿ. ಅಂಥವನು ತೆರೆದ ಕಾರಿನಲ್ಲಿ ಗಾಳಿ ಸೇವಿಸುತ್ತ ಕಚೇರಿಗೆ ಹೋಗುವ ಜಗತ್ತನ್ನು ಒಪ್ಪಿಕೊಂಡಿರಬೇಕಿತ್ತು ಎಂದು ನಾನು ಹೇಳಲಾರೆ. ಲಿದಿತ್ಸೆಯ ಸುದ್ದಿ ಕೇಳಿದ ಮೇಲೆ ಎದೆಗೆ ಹಲಗೆ ಕಟ್ಟಿಕೊಂಡು, ಹೈಡ್ರಿಖ್‌ನನ್ನು ಕೊಂದವರು ನಾವೇ ಎಂದು ಬರೆದು, ಪ್ರಾಗ್‌ನ ಯಾವುದಾದರೂ ಉದ್ಯಾನದ ಬೆಂಚಿನ ಮೇಲೆ ಕೂತು ಪ್ರಾಣ ಬಿಡೋಣ ಎಂದು ಅವರು ಯೋಚಿಸಿದ್ದರಂತೆ. ಹಾಗೆ ಯೋಚಿಸಿದವರ ಮೇಲೆ 173 ಹೆಣಗಳನ್ನು ಹೊರಿಸಲು ನನ್ನ ಕೈ ಏಳುವುದಿಲ್ಲ. ಆ ಹೆಣಗಳು ಗುಂಡು ಹಾರಿಸಿದವರ ಖಾತೆಯವು. ಆದರೆ ಮೇ ತಿಂಗಳ ಸಂದೇಶಕ್ಕೆ ಲಂಡನ್ನಿನ ಮೌನವಿದೆಯಲ್ಲ, ಅದನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ. ಅಲ್ಲಿ ಕೂತವರ ಹಾಸಿಗೆಗಳು ಯಾವ ಗೋಡೆಗೂ ಒರಗಲಿಲ್ಲ. ಇವೆರಡನ್ನೂ ಒಟ್ಟಿಗೆ ಹೇಗೆ ನಂಬುತ್ತೀಯ ಎಂದು ನೀನು ಕೇಳಿದರೆ, ಕಷ್ಟಪಟ್ಟು ನಂಬುತ್ತೇನೆ.

ಇದನ್ನೆಲ್ಲ ಬರೆಯುವಾಗ ನಿಮ್ಮ ಶಿಕಾರಿಪುರದ ಮನೆ ನೆನಪಾಗುತ್ತಲೇ ಇತ್ತು. ಅದೇ 1942. ಲೆಝಾಕಿ ಉರಿದ ಮೂರು ತಿಂಗಳಿಗೆ ಈಸೂರಿನಲ್ಲಿ ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ಕೂಗಿದ್ದು, ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಸತ್ತದ್ದು, ಪೊಲೀಸರು ಊರಿಗೆ ನುಗ್ಗಿದ್ದು, ಮುಂದಿನ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದ್ದು. ಪಿಯುಸಿಯಲ್ಲಿದ್ದಾಗ ನಾವಿಬ್ಬರೂ ಸೈಕಲ್ ತುಳಿದು ಹೋಗಿ ಹುತಾತ್ಮರ ಸ್ಮಾರಕದ ಮುಂದೆ ನಿಂತಿದ್ದೆವು, ನೆನಪಿದೆಯೇ? ವಾಪಸ್ ಬಂದು ನಿನ್ನ ಅಜ್ಜಿಯ ಹತ್ತಿರ ಆ ಐವರ ಕಥೆ ಹೇಳು ಎಂದು ಹಠ ಹಿಡಿದೆವು. ಆಗ ಅವಳಿಗೆ ಎಂಟು ವರ್ಷವಂತೆ. ಅವಳು ಆ ಐವರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ರಾತ್ರಿ ಎಲ್ಲರೂ ಕಾಡಿಗೆ ಓಡುವಾಗ ಕೊಟ್ಟಿಗೆಯಲ್ಲಿದ್ದ ಗಬ್ಬದ ಎಮ್ಮೆಯ ಹಗ್ಗ ಬಿಚ್ಚಲು ತನ್ನಿಂದ ಆಗಲಿಲ್ಲ, ಗಂಟು ಬಿಗಿದಿತ್ತು, ಅಪ್ಪ ರಟ್ಟೆ ಹಿಡಿದು ಎಳೆದುಕೊಂಡು ಹೋದ ಎಂದಷ್ಟೇ ಹೇಳಿದಳು. ನಮಗೆ ಬೇಸರವಾಯಿತು. ನಾವು ಗಲ್ಲುಗಂಬದ ಕಥೆ ಕೇಳಲು ಕೂತವರು.

ಆ ಎಮ್ಮೆ ಕೊನೆಗೆ ಏನಾಯಿತು ಎಂದು ನಾವು ಕೇಳಲೇ ಇಲ್ಲ. ಅಜ್ಜಿ ಈಗ ಇಲ್ಲ. ನಿನ್ನ ಅಮ್ಮನಿಗೆ ಗೊತ್ತಿರಬಹುದು, ಒಮ್ಮೆ ಕೇಳಿ ಬರೆ.

ಇಂತಿ ನಿನ್ನ
ಗೆಳೆಯ