ವಿಡಂಬನೆಯ ಪಾಠದಲ್ಲಿ ನಗು ಎಲ್ಲಿ ಸೋರುತ್ತದೆ

ಮಾನ್ಯ ಸಂಪಾದಕರೇ,

ಜೋನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ‘ಗಲಿವರ್ಸ್ ಟ್ರಾವೆಲ್ಸ್’ ಅನ್ನು ಶಾಲೆಯಲ್ಲಿ ಓದಿದ ಮಕ್ಕಳಿಗೆ ನೆನಪಿರುವುದು ಕುಳ್ಳರು ಮತ್ತು ಹಗ್ಗ ಮಾತ್ರ. ನಗು ನೆನಪಿರುವುದಿಲ್ಲ. ತಪ್ಪು ಮಕ್ಕಳದಲ್ಲ. ಓದಿಸುವ ಮೊದಲೇ ‘ಇದು ವಿಡಂಬನೆ, ಇವರು ಇಂಥವರ ಪ್ರತೀಕ’ ಎಂದು ಬರೆಸಿಬಿಟ್ಟರೆ ನಗುವುದಕ್ಕೆ ಉಳಿಯುವುದೇನು?

ಮೊದಲ ಭಾಗದ ಎರಡನೇ ಅಧ್ಯಾಯವನ್ನೇ ನೋಡಿ. ಹಡಗು ಒಡೆದು ಆರಂಗುಲದ ಕುಳ್ಳರ ನಾಡಾದ ಲಿಲಿಪುಟ್ ಸೇರಿದ ಗಲಿವರ್‌ನನ್ನು ಅವರು ಹಗ್ಗದಿಂದ ಕಟ್ಟಿಹಾಕಿದ್ದಾರೆ. ಅಲ್ಲಿನ ಇಬ್ಬರು ಅಧಿಕಾರಿಗಳು ಅವನ ಜೇಬು ಶೋಧಿಸಿ ವರದಿ ಬರೆಯುತ್ತಾರೆ. ಕರವಸ್ತ್ರ ಅವರಿಗೆ ಅರಮನೆಯ ದೊಡ್ಡ ಕೋಣೆಗೆ ಹಾಸುವಷ್ಟು ಅಗಲದ ಒರಟು ಬಟ್ಟೆ. ನಶ್ಯದ ಡಬ್ಬಿಗೆ ಇಳಿದವನು ಅರ್ಧ ಕಾಲು ಹೂತು ಸೀನುತ್ತಾನೆ. ಗಡಿಯಾರ ಒಂದೋ ಗುರುತಿಲ್ಲದ ಪ್ರಾಣಿ, ಇಲ್ಲವೇ ಇವನ ದೇವರು. ಅದನ್ನು ಕೇಳದೆ ತಾನು ಏನಾದರೂ ಮಾಡುವುದು ಅಪರೂಪ ಎಂದು ಅವನೇ ಹೇಳಿದ್ದಾನಲ್ಲ! ವಸ್ತುಗಳ ಹೆಸರು ಹೇಳದೆ ಈ ವರದಿಯನ್ನು ಜೋರಾಗಿ ಓದಿ, ಯಾವುದು ಏನೆಂದು ಮಕ್ಕಳೇ ಪತ್ತೆಹಚ್ಚಲಿ. ಆಮೇಲೆ ಒಂದೇ ಪ್ರಶ್ನೆ: ಗಡಿಯಾರದ ವಿಷಯದಲ್ಲಿ ಅಧಿಕಾರಿಗಳು ಹೇಳಿದ್ದು ಪೂರ್ತಿ ತಪ್ಪೇ? ಅಲ್ಲಿಯವರೆಗೆ ಕುಳ್ಳರನ್ನು ನೋಡಿ ನಗುತ್ತಿದ್ದ ತರಗತಿ ಥಟ್ಟನೆ ತನ್ನನ್ನೇ ನೋಡಿಕೊಳ್ಳುತ್ತದೆ.

ಓದುವಾಗ ಶಿಕ್ಷಕರು ನಗಬಾರದು, ದನಿಯಲ್ಲಿ ಹಾಸ್ಯ ಬೆರೆಸಲೂಬಾರದು. ಕಚೇರಿಯ ವರದಿ ಓದಿದಂತೆಯೇ ಓದಬೇಕು. ಸ್ವಿಫ್ಟ್‌ನ ಬಲವಿರುವುದೇ ಆ ಗಂಭೀರ ಮುಖದಲ್ಲಿ.

ನಾಲ್ಕನೇ ಅಧ್ಯಾಯದ ಮೊಟ್ಟೆಯ ಜಗಳಕ್ಕೂ ಇದೇ ಮಾತು. ಮೊಟ್ಟೆಯನ್ನು ದಪ್ಪ ತುದಿಯಲ್ಲಿ ಒಡೆಯಬೇಕೋ ಚೂಪು ತುದಿಯಲ್ಲೋ ಎಂಬುದಕ್ಕೆ ಆರು ದಂಗೆಗಳು. ಚೂಪು ತುದಿಯಲ್ಲಿ ಒಡೆಯಲೊಪ್ಪದೆ ಸತ್ತವರು 11,000. ಮಂತ್ರಿ ಲೆಕ್ಕ ಒಪ್ಪಿಸುವವನಂತೆ ಇದನ್ನು ಹೇಳುತ್ತಾನೆ. ಸಂಕ್ಷಿಪ್ತ ಆವೃತ್ತಿ ತಯಾರಿಸುವವರು ಅನಗತ್ಯವೆಂದು ಕತ್ತರಿಸುವುದು ಇಂಥ ಅಂಕಿಗಳನ್ನೇ. ಅಂಕಿ ಹೋದರೆ ಉಳಿಯುವುದು ಬರೀ ಮೊಟ್ಟೆಯ ತಮಾಷೆ. ಈ ಜಗಳ ಅಣಕಿಸುವ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟರ ಕಲಹದ ಹಿನ್ನೆಲೆ ಹೇಳಲೇಬೇಕು, ಆದರೆ ಮಕ್ಕಳು ಆ ಅಂಕಿಯ ಮುಂದೆ ಒಂದು ಕ್ಷಣ ತಡೆದು ನಿಂತ ಮೇಲೆ.

ಪರೀಕ್ಷೆಯಲ್ಲೂ ‘ಯಾರು ಯಾರ ಪ್ರತೀಕ’ ಎನ್ನುವ ಬದಲು ‘ಈ ಭಾಗದಿಂದ 11,000 ತೆಗೆದುಹಾಕಿದರೆ ಏನು ಕಳೆಯುತ್ತದೆ’ ಎಂದು ಕೇಳಲಿ. ಬಾಯಿಪಾಠದ ಉತ್ತರ ಇದಕ್ಕೆ ನಡೆಯದು. ಪುಸ್ತಕ ಆಯುವ ಶಿಕ್ಷಕರು ಮೊದಲು ಈ ಎರಡು ಕಡೆ ತೆರೆದು ನೋಡಲಿ. ಗಡಿಯಾರದ ವರದಿಯೂ ಸತ್ತವರ ಲೆಕ್ಕವೂ ಇಲ್ಲವಾದರೆ ಬೇರೆ ಆವೃತ್ತಿ ತರಿಸಲಿ.

ಇಂತಿ,
ಸಾಹಿತ್ಯ ಬೋಧಕರು